ಪದಚರ್ಚೆ: ಮಾದರಿ ವಿಮಾನದ ‘ಬ್ಯಾಲೆನ್ಸ್’ ಮತ್ತು ‘ಟ್ರಿಮ್’. ತೂಕ, ಕನ್ನಿ, ಹದ ಸರಿಹೋಗುತ್ತವೆಯೇ?

ಎಲ್ಲರಿಗೂ ನಮಸ್ಕಾರ. ಬೀದರದಿಂದ ಬರೆಯುತ್ತಿದ್ದೇನೆ.

ನನಗೆ ಎರಡು ಪದ ಬೇಕು. ಒಂದರ ಜಾಗಕ್ಕೆ ಇನ್ನೊಂದು ಬಂದು ಕೂರದ ಎರಡು ಪದ. ಇಂಗ್ಲಿಷಿನಲ್ಲಿ ಅವು ಬ್ಯಾಲೆನ್ಸ್ ಮತ್ತು ಟ್ರಿಮ್. ಬ್ಯಾಲೆನ್ಸ್ ಅಂದರೆ ವಿಮಾನದ ಭಾರ ಯಾವ ಕಡೆಗೂ ವಾಲದಂತೆ ಹಂಚಿರುವುದು. ಟ್ರಿಮ್ ಅಂದರೆ ಹಾರುವಾಗ ಅದು ತಾನಾಗಿ ನೆಟ್ಟಗೆ ಹೋಗುವಂತೆ ಕೊಂಚ ಸರಿಪಡಿಸುವುದು. ಕನ್ನಡದಲ್ಲಿ ಎರಡಕ್ಕೂ ‘ಸಮತೋಲನ’ ಅಂತ ಬರೆದುಬಿಡುತ್ತೇವೆ. ನಾನೂ ಹಾಗೇ ಬರೆದೆ. ಅದರಿಂದ ಒಂದು ರೆಕ್ಕೆ ಮುರಿಯಿತು.

ರೇಡಿಯೊ ರಿಮೋಟಿನಿಂದ ಹಾರಿಸುವ ಮಾದರಿ ವಿಮಾನ ಕಟ್ಟುವುದು ನನ್ನ ಹವ್ಯಾಸ. ಈಗ ಕೈಯಲ್ಲಿರುವುದು ಟೈಗರ್ ಮಾತ್ ಅನ್ನುವ, ಒಂದರ ಮೇಲೊಂದು ರೆಕ್ಕೆ ಇರುವ ಹಳೆಯ ತರಬೇತಿ ವಿಮಾನದ ಕಾಲು ಅಳತೆಯ ಮಾದರಿ. ಅಸಲಿ ವಿಮಾನ ಮೊದಲು ಹಾರಿದ್ದು 1931ರಲ್ಲಿ. ನಮ್ಮ ವಾಯುಪಡೆಯ ಹಳೆಯ ತಲೆಮಾರಿನ ಎಷ್ಟೋ ಪೈಲಟ್‌ಗಳು ಹಾರಾಟ ಕಲಿತದ್ದು ಅದರಲ್ಲಿ. ಅದರ ರೆಕ್ಕೆ ತುದಿಯಿಂದ ತುದಿಗೆ 8.94 ಮೀಟರ್. ನಮ್ಮದು ಸುಮಾರು 2.23 ಮೀಟರ್, ತೂಕ 11 ಕೆಜಿ. ಪೆಟ್ರೋಲ್ ಎಂಜಿನ್. ಬೀದರದಲ್ಲಿ ವಾಯುಪಡೆಯ ತರಬೇತಿ ನೆಲೆ ಇದೆ, ಹಾಕ್ ವಿಮಾನಗಳು ದಿನಾ ತಲೆಯ ಮೇಲೆ ಓಡಾಡುತ್ತವೆ. ಹಾಗಾಗಿ ಊರಲ್ಲಿ ಹಾರಿಸುವ ಮಾತೇ ಇಲ್ಲ. ಕಟ್ಟುವುದು ಇಲ್ಲಿ. ಹಾರಿಸುವುದು ಯಾದಗಿರಿ ಜಿಲ್ಲೆಯ ಶಹಾಪುರದ ಕಡೆ, ನೆಂಟರ ಹೊಲದಲ್ಲಿ. ಬಿಳಿಜೋಳ ಕಟಾವಾದ ಮೇಲೆ, ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗ ಹಸಿರು ಇದೆಯಾ ನೋಡಿಕೊಂಡು ಹೋಗುತ್ತೇವೆ.

ಈ ಬಗೆಯ ವಿಮಾನಕ್ಕೆ ‘ದ್ವಿಪಕ್ಷ ವಿಮಾನ’ ಅನ್ನುವುದು ನನಗೆ ಒಗ್ಗುವುದಿಲ್ಲ. ಎರಡು ರೆಕ್ಕೆ ಎಲ್ಲ ವಿಮಾನಕ್ಕೂ ಇರುತ್ತವೆ, ಅಲ್ವಾ? ಇದಕ್ಕೆ ಇರುವುದು ಎರಡು ಅಂತಸ್ತು. ನಾವು ಮನೆಯಲ್ಲಿ ಸುಮ್ನೆ ‘ಮ್ಯಾಲಿನ ರೆಕ್ಕಿ, ಕೆಳಗಿನ ರೆಕ್ಕಿ’ ಅನ್ನುತ್ತೇವೆ. ಇದು ಬೇರೆ ಚರ್ಚೆ, ಇಲ್ಲಿಗೆ ಬಿಡುತ್ತೇನೆ.

ನಡೆದದ್ದು ಇಷ್ಟು. ಹಾರಿಸುವ ಮುಂಚೆ ಮಾಡಬೇಕಾದ ಕೆಲಸಗಳನ್ನೆಲ್ಲ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಅಕ್ಕನ ಮಗನಿಗೆ ಕೊಟ್ಟಿದ್ದೆ. ಅದರಲ್ಲಿ ‘ರೆಕ್ಕೆಗಳ ಸಮತೋಲನ ಸರಿಪಡಿಸು’ ಅಂತ ಒಂದು ಸಾಲು. ನಾನು ಹೇಳಿದ್ದು ತೂಕದ ಬಗ್ಗೆ. ಎಡ ಬಲ ರೆಕ್ಕೆಗಳಲ್ಲಿ ಯಾವುದು ಭಾರ ಅಂತ ನೋಡಿ, ಹಗುರ ಇರುವ ಕಡೆ ಸೀಸ ಹಾಕು ಅಂತ. ಅವನಿಗೆ ಅರ್ಥವಾದದ್ದು ಬೇರೆ. ಹಾರುವಾಗ ವಿಮಾನ ಬಲಕ್ಕೆ ವಾಲಿತು. ಅವನು ರಿಮೋಟಿನ ಟ್ರಿಮ್ ಗುಂಡಿಯನ್ನು ಎಡಕ್ಕೆ ನಾಲ್ಕೈದು ಸಲ ಒತ್ತಿದ. ವಿಮಾನ ನೆಟ್ಟಗಾಯಿತು. ‘ಬರೋಬ್ಬರಿ ಆತು ನೋಡ್ ಮಾಮಾ’ ಅಂದ. ನನಗೂ ಹಾಗೇ ಕಂಡಿತು. ಇಳಿಸುವಾಗ ವೇಗ ಕಡಿಮೆಯಾಯಿತು. ನೆಲ ಇನ್ನೇನು ಎರಡು ಅಡಿ ಇದೆ ಅನ್ನುವಾಗ ಬಲರೆಕ್ಕೆ ಧಡ್ ಅಂತ ಕೆಳಗೆ ಬಿತ್ತು. ಕೆಳಗಿನ ರೆಕ್ಕೆಯ ತುದಿ ಎರೆಮಣ್ಣಿನ ಬಿರುಕಿಗೆ ಸಿಕ್ಕು ಮುರಿಯಿತು.

ಹುಡುಗನ ತಪ್ಪಲ್ಲ. ನನ್ನ ಪದದ ತಪ್ಪು.

ಯಾಕೆ ಹೀಗಾಯಿತು ಅನ್ನುವುದರಲ್ಲೇ ಎರಡು ಪದಗಳ ವ್ಯತ್ಯಾಸ ಇದೆ. ನಮ್ಮ ಎಂಜಿನ್ನಿನ ಸೈಲೆನ್ಸರ್ ಬಲಗಡೆಗೆ ಚಾಚಿಕೊಂಡಿದೆ. ಅದರ ತೂಕ 250 ಗ್ರಾಂ, ನಡುಗೆರೆಯಿಂದ 8 ಸೆಂಟಿಮೀಟರ್ ಆಚೆ. ಆ ಭಾರ ವಿಮಾನ ನಿಂತಿದ್ದರೂ ಅಷ್ಟೇ, ಓಡಿದರೂ ಅಷ್ಟೇ. ಟ್ರಿಮ್ ಹಾಗಲ್ಲ. ರೆಕ್ಕೆಯ ಹಿಂದಂಚಿನ ಪಟ್ಟಿ ಕೊಂಚ ಬಾಗಿ ಗಾಳಿಯನ್ನು ಒತ್ತುತ್ತದೆ, ಅಷ್ಟೇ ಅದರ ಕೆಲಸ. ಗಾಳಿಯ ಒತ್ತು ವೇಗದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ವೇಗ ಅರ್ಧ ಆದರೆ ಒತ್ತು ಕಾಲುಭಾಗ. ಮೇಲೆ ಜೋರಾಗಿ ಹೋಗುವಾಗ ಆ ಬಾಗು ಭಾರವನ್ನು ಮುಚ್ಚಿಟ್ಟಿತ್ತು. ನಿಧಾನವಾದಾಗ ಬಾಗಿನ ಬಲ ಹೋಯಿತು, ಭಾರ ಉಳಿಯಿತು.

ಬೇಕಾಗಿದ್ದದ್ದು ಎಡರೆಕ್ಕೆಯ ತುದಿಯಲ್ಲಿ ಬರೀ 19 ಗ್ರಾಂ ಸೀಸ. ಲೆಕ್ಕ ಸುಲಭ. 250ನ್ನು 8ರಿಂದ ಗುಣಿಸಿದರೆ 2000. ಸೀಸ ಕೂರುವ ಜಾಗ ನಡುವಿನಿಂದ 105 ಸೆಂಟಿಮೀಟರ್ ದೂರ. ಭಾಗಿಸಿದರೆ 19 ಬರುತ್ತದೆ.

ಈಗ ಪದಗಳಿಗೆ ಬರುತ್ತೇನೆ.

ಮೊದಲನೆಯದಕ್ಕೆ ನಾನು ದೂರ ಹುಡುಕಬೇಕಾಗಲಿಲ್ಲ. ದೊಡ್ಡ ವಿಮಾನವನ್ನು ಎರಡು ಬೆರಳ ಮೇಲೆ ಎತ್ತಿ ನೋಡಲು ಆಗುವುದಿಲ್ಲ. ಹಗ್ಗ ಕಟ್ಟಿ ನೇತುಹಾಕಬೇಕು. ನಮ್ಮದು ಹಳೆಯ ಮನೆ, ಪಡಸಾಲೆಯ ತೊಲೆಯಲ್ಲಿ ತೊಟ್ಟಿಲು ಕಟ್ಟುವ ಕೊಂಡಿ ಇದೆ. ಮೇಲಿನ ರೆಕ್ಕೆಯ ಮೇಲೆ ನಕ್ಷೆಯಲ್ಲಿ ತೋರಿಸಿದ ಗುರುತಿಗೆ ಸರಿಯಾಗಿ ಹಗ್ಗ ಹಾಕಿ ಅದೇ ಕೊಂಡಿಗೆ ಕಟ್ಟಿದೆವು. ಅವ್ವ ನೋಡಿ, ‘ಚಂದಾಗಿ ತೂಗಿ ನೋಡ್ರಿ’ ಅಂದಳು. ಆಗ ಹೊಳೆಯಿತು. ತೊಟ್ಟಿಲು ತೂಗುವುದೂ ತೂಗು. ತಕ್ಕಡಿಯಲ್ಲಿ ಭಾರ ನೋಡುವುದೂ ತೂಗು. ನೇತುಬಿದ್ದು ಆಡುವುದೂ ತೂಗು. ನಾನು ಆಗ ಮಾಡುತ್ತಿದ್ದ ಕೆಲಸದಲ್ಲಿ ಈ ಮೂರೂ ಇದ್ದವು. ನೇತುಹಾಕಿದ್ದೆ, ಅದು ಆಡುತ್ತಿತ್ತು, ಅದು ನಿಂತ ರೀತಿಯಿಂದ ಭಾರ ಎತ್ತ ಇದೆ ಅಂತ ತಿಳಿಯುತ್ತಿತ್ತು. ಇಂಗ್ಲಿಷಿನಲ್ಲಿ ಈ ಮೂರಕ್ಕೆ ಮೂರು ಪದ ಬೇಕು. ‘ಸರಿದೂಗಿಸು’ ಅನ್ನುವ ಒಳ್ಳೆಯ ಮಾತು ಹುಟ್ಟಿರುವುದೂ ಇದರಿಂದಲೇ. ಹಾಗಾಗಿ ಬ್ಯಾಲೆನ್ಸ್ ಮಾಡುವುದಕ್ಕೆ ‘ತೂಗು, ತೂಗಿಸು, ಸರಿದೂಗಿಸು’, ಬ್ಯಾಲೆನ್ಸ್‌ಗೆ ‘ತೂಕ’ ಅಂತ ಬರೆಯೋಣ ಅನ್ನುವುದು ನನ್ನ ಸಲಹೆ. ‘ತೂಕ ತಪ್ಪು’ ಅನ್ನುವುದು ಹೇಗೂ ಎಲ್ಲರ ಬಾಯಲ್ಲಿದೆ.

ಮೂಗು ಭಾರವೋ ಬಾಲ ಭಾರವೋ ಅನ್ನುವುದಕ್ಕೆ ಇನ್ನೂ ಸಲೀಸಾದ ಮಾತಿದೆ. ಬಂಡಿಗೆ ಹೇರು ಹೇರುವಾಗ ‘ಮುಂಭಾರ, ಹಿಂಭಾರ’ ಅನ್ನುತ್ತಾರೆ. ಮುಂಭಾರವಾದರೆ ಎತ್ತಿನ ಹೆಗಲಿಗೆ ನೊಗ ಒತ್ತುತ್ತದೆ. ಹಿಂಭಾರವಾದರೆ ನೊಗವೇ ಮೇಲೇಳುತ್ತದೆ, ಎತ್ತಿನ ಕುತ್ತಿಗೆ ಬಿಗಿಯುತ್ತದೆ. ವಿಮಾನದ್ದೂ ಇದೇ ಕಥೆ. ಮುಂಭಾರ ಇದ್ದರೆ ಮೊಂಡಾಗಿ ಹಾರುತ್ತದೆ, ಇಳಿಯುವಾಗ ಜಾಸ್ತಿ ವೇಗ ಬೇಕು. ಆದರೂ ಮನೆಗೆ ವಾಪಸ್ ಬರುತ್ತದೆ. ಹಿಂಭಾರ ಆದರೆ ಮೂಗು ಮೇಲೆತ್ತಿಕೊಂಡು ಕೈಗೆ ಸಿಗದೆ ಹೋಗುತ್ತದೆ. ಅದಕ್ಕೇ ತೂಗುವಾಗ ಟ್ಯಾಂಕ್ ಖಾಲಿ ಇರಬೇಕು, ಮೂಗು ಒಂಚೂರು ತಗ್ಗಿರಬೇಕು. ನಮ್ಮ ಮಾದರಿಯಲ್ಲಿ ಟ್ಯಾಂಕ್ ಎಂಜಿನ್ ಹಿಂದೆಯೇ, ಮುಂದುಗಡೆ ಇದೆ. ಪೆಟ್ರೋಲ್ ತೀರುತ್ತಾ ಬಂದಂತೆ ಮುಂದಿನ ಭಾರ ಕರಗುತ್ತದೆ. ಅಸಲಿ ಟೈಗರ್ ಮಾತ್‌ನಲ್ಲಿ ಟ್ಯಾಂಕ್ ಮೇಲಿನ ರೆಕ್ಕೆಯ ನಟ್ಟನಡುವೆ ಇತ್ತು. ಅಸಲಿಯ ಇನ್ನೊಂದು ಸಂಗತಿ ನನಗೆ ತುಂಬ ಇಷ್ಟ. ಮುಂದಿನ ಸೀಟಿನವರು ಆಪತ್ತಿನಲ್ಲಿ ಹಾರಿ ತಪ್ಪಿಸಿಕೊಳ್ಳಲು ದಾರಿ ಬೇಕು ಅಂತ ಮೇಲಿನ ರೆಕ್ಕೆಯನ್ನು ಮುಂದಕ್ಕೆ ಸರಿಸಿದರು. ಆಗ ರೆಕ್ಕೆಯ ಎತ್ತುವ ಬಲವೂ ಮುಂದಕ್ಕೆ ಹೋಯಿತು. ಅದನ್ನು ವಾಪಸ್ ತರಲು ರೆಕ್ಕೆಗಳನ್ನು ಹಿಂದಕ್ಕೆ ಓರೆ ಮಾಡಿದರು. ಆ ವಿಮಾನದ ರೆಕ್ಕೆ ಹಿಂದಕ್ಕೆ ಬಾಗಿರುವುದು ಚಂದಕ್ಕಲ್ಲ, ಸರಿದೂಗಿಸಲಿಕ್ಕೆ.

ಎಡ ಬಲದ ಭಾರಕ್ಕೆ ನನ್ನ ಹತ್ತಿರ ಒಂದು ಊರಿನ ಪದ ಇದೆ. ಇದನ್ನು ನಿಮ್ಮ ಮುಂದೆ ಇಡಲಿಕ್ಕೇ ಮುಖ್ಯವಾಗಿ ಬರೆಯಲು ಕೂತೆ. ಚಿಕ್ಕವರಿದ್ದಾಗ ಸಂಕ್ರಾಂತಿಗೆ ಗಾಳಿಪಟ ಹಾರಿಸುವಾಗ ಪಟ ಒಂದೇ ಕಡೆ ವಾಲಿದರೆ ಓಣಿಯ ಹುಡುಗರು ‘ಕನ್ನಿ’ ಅನ್ನುತ್ತಿದ್ದರು. ಪಟ ಇಳಿಸಿ, ಹಗುರ ಇರುವ ಬದಿಗೆ ಒಂದು ಚಿಂದಿ ಬಟ್ಟೆಯನ್ನೋ ಕಾಗದದ ಸುರುಳಿಯನ್ನೋ ಸುತ್ತುತ್ತಿದ್ದೆವು. ಅದಕ್ಕೆ ‘ಕನ್ನಿ ಕಟ್ಟೋದು’. ಪದ ಬಂದದ್ದು ಉರ್ದುವಿನಿಂದ. ಅಲ್ಲಿ ಕನ್ನಿ ಅಂದರೆ ಅಂಚು, ಬದಿ. ಪಟದ ಬದಿಗೆ ತೂಕಕ್ಕಾಗಿ ಕಟ್ಟುವ ಚಿಂದಿಗೂ ಅದೇ ಹೆಸರು. ನಮ್ಮ ಊರಿನ ಕನ್ನಡಕ್ಕೂ ದಖ್ಖನಿಗೂ ನಡುವೆ ಗೋಡೆ ಇಲ್ಲವಲ್ಲ, ಪದ ಹಾಗೇ ಒಳಗೆ ಬಂದು ಕೂತಿದೆ. ರೆಕ್ಕೆಯ ತುದಿಗೆ ಅಂಟಿಸಿದ ಆ 19 ಗ್ರಾಂ ಸೀಸ ಅಪ್ಪಟ ಕನ್ನಿ. ಅಕ್ಕನ ಮಗನಿಗೆ ‘ಎಡಕ್ಕೆ ಕನ್ನಿ ಕಟ್ಟು’ ಅಂತ ಬರೆದಿದ್ದರೆ ಅವನು ಗುಂಡಿ ಒತ್ತುತ್ತಿರಲಿಲ್ಲ.

ಒಂದೇ ಅಳುಕು. ದನ ಕಟ್ಟುವ ಹಗ್ಗಕ್ಕೆ ಕನ್ನಡದಲ್ಲಿ ‘ಕಣ್ಣಿ’ ಇದೆ. ಓದುವವರು ಎರಡನ್ನೂ ಬೆರೆಸಬಹುದು. ‘ಕಣ್ಣಿ ಕಟ್ಟು’ ಅಂದರೆ ಹಗ್ಗ ಕಟ್ಟು ಅಂತಲೇ ಆಗುತ್ತದೆ. ಇದು ದೊಡ್ಡ ತೊಡಕು ಅನ್ನಿಸುತ್ತದೆಯೇ ನಿಮಗೆ? ನನಗಂತೂ ಪದ ಬಿಡಲು ಮನಸ್ಸಿಲ್ಲ.

ಇನ್ನು ಟ್ರಿಮ್. ಯಂತ್ರ ಅನುವಾದ ಮಾಡಿದ ಒಂದು ಕೈಪಿಡಿಯಲ್ಲಿ ‘ಮೊದಲ ಹಾರಾಟದಲ್ಲಿ ವಿಮಾನವನ್ನು ಕತ್ತರಿಸಿ’ ಅಂತ ಓದಿ ನನಗೆ ಬೇಜಾರಾಗಿತ್ತು. ಗಡ್ಡ ಟ್ರಿಮ್ ಮಾಡುವ ಅರ್ಥವೇ ಅಲ್ಲಿ ಮುಂದೆ ಬಂದಿದೆ. ಹಳೆಯ ಇಂಗ್ಲಿಷಿನಲ್ಲಿ ಆ ಪದದ ಅರ್ಥ ಗಟ್ಟಿಮಾಡು, ಅಣಿಮಾಡು. ಹಡಗಿನವರಿಂದ ವಿಮಾನದವರಿಗೆ ಬಂತು. ಹಾಗಾದರೆ ‘ಅಣಿಗೊಳಿಸು’ ಆಗಬಹುದೇ ಅಂತ ಸ್ವಲ್ಪ ದಿನ ಯೋಚಿಸಿದೆ. ಆದರೆ ಅಣಿ ಅನ್ನುವುದು ಹೊರಡುವ ಮುಂಚಿನ ಮಾತು. ಟ್ರಿಮ್ ಮಾಡುವುದು ಹಾರುತ್ತಿರುವಾಗ.

‘ಬರೋಬ್ಬರಿ’ಯನ್ನೂ ನೋಡಿದೆ. ಪಾರಸಿಯ ಬರಾಬರ್, ಎದೆಗೆ ಎದೆ ಅನ್ನುವ ಮೂಲ ಅರ್ಥ. ನನಗೆ ಪ್ರೀತಿಯ ಪದ. ಆದರೆ ಇಲ್ಲಿ ಲೆಕ್ಕವೂ ಬರೋಬ್ಬರಿ, ಚಹಾದ ಸಕ್ಕರೆಯೂ ಬರೋಬ್ಬರಿ. ಅದು ಎಲ್ಲದಕ್ಕೂ ಸಲ್ಲುವುದರಿಂದಲೇ ನನ್ನ ಹಾಳೆಗೆ ಸಲ್ಲುವುದಿಲ್ಲ.

ಕೊನೆಗೆ ನಿಂತದ್ದು ‘ಹದ’ದ ಮೇಲೆ. ಯಾಕೆ ಅಂತ ಹೇಳುತ್ತೇನೆ. ಟ್ರಿಮ್ ಅಂದರೆ ಪೈಲಟ್ ವಿಮಾನ ನಡೆಸುವ ಕೋಲನ್ನು ಹಿಡಿದು ಒತ್ತುತ್ತಲೇ ಇರಬೇಕಾದ ಕಷ್ಟವನ್ನು ತಪ್ಪಿಸುವುದು. ಅಸಲಿ ಟೈಗರ್ ಮಾತ್‌ನಲ್ಲಿ ಇದಕ್ಕೆ ಒಂದು ಸ್ಪ್ರಿಂಗ್ ಇತ್ತು. ಸನ್ನೆಕೋಲನ್ನು (ಲಿವರ್) ಹಿಂದೆ ಮುಂದೆ ಸರಿಸಿದರೆ ಸ್ಪ್ರಿಂಗ್ ಬಿಗಿಯಾಗಿ, ಕೈ ಮಾಡುವ ಕೆಲಸವನ್ನು ತಾನು ಮಾಡುತ್ತಿತ್ತು. ಮಾದರಿಯಲ್ಲಿ ಗುಂಡಿ ಒತ್ತಿದರೆ ಬಾಲದ ಪಟ್ಟಿ ಕೂದಲೆಳೆಯಷ್ಟು ಸರಿದು ಅಲ್ಲೇ ನಿಲ್ಲುತ್ತದೆ. ಕೋಲು ಬಿಟ್ಟು ನೋಡಿದಾಗ ವಿಮಾನ ಏರದೆ, ಇಳಿಯದೆ, ವಾಲದೆ ಹೋದರೆ ಟ್ರಿಮ್ ಆಯಿತು. ಆದರೆ ಅದು ಆ ವೇಗಕ್ಕೆ ಮಾತ್ರ. ವೇಗ ಏರಿಸಿದರೆ ಮತ್ತೆ ನೋಡಬೇಕು.

ನಮ್ಮ ಹೊಲದವರು ಹದ ಅನ್ನುವುದೂ ಹೀಗೇ. ಮಳೆ ಬಿದ್ದ ಮರುದಿನ ಎರೆ ಕಾಲಿಗೆ ಅಂಟುತ್ತದೆ. ಆಗ ಬಿತ್ತಲು ಆಗುವುದಿಲ್ಲ. ಎರಡು ದಿನ ಬಿಟ್ಟರೆ ಹದಕ್ಕೆ ಬರುತ್ತದೆ. ಇನ್ನೂ ಬಿಟ್ಟರೆ ಹದ ಮೀರುತ್ತದೆ. ಹೊಲ ಅದೇ, ಮಣ್ಣು ಅದೇ, ಹದ ಮಾತ್ರ ಆ ಹೊತ್ತಿನದು. ತೂಕ ವಸ್ತುವಿನದು, ಹದ ಹೊತ್ತಿನದು. ಈ ವ್ಯತ್ಯಾಸವೇ ನನಗೆ ಬೇಕಾಗಿದ್ದದ್ದು. ಟ್ರಿಮ್ ಮಾಡು ಅನ್ನುವುದಕ್ಕೆ ‘ಹದಕ್ಕೆ ತರು’, ಟ್ರಿಮ್ ಗುಂಡಿಗೆ ‘ಹದಗುಂಡಿ’. ಟ್ರಿಮ್ ತಪ್ಪಿದರೆ ‘ಹದಗೆಟ್ಟಿತು’ ಹೇಗೂ ತಯಾರಿದೆ. ಚರ್ಮ ಹದ ಮಾಡುವ ಅರ್ಥ ಅಡ್ಡ ಬರುತ್ತದೆ ಅಂತ ಒಬ್ಬ ಗೆಳೆಯರು ಹೇಳಿದರು. ವಿಮಾನದ ಮಾತಾಡುವಾಗ ಯಾರಿಗೂ ಚರ್ಮ ನೆನಪಾಗಲಿಕ್ಕಿಲ್ಲ ಅಂತ ನನ್ನ ಲೆಕ್ಕ. ಒಪ್ಪದಿದ್ದರೆ ತಿಳಿಸಿ.

ಹಾಳೆಯನ್ನು ಈಗ ತಿದ್ದಿ ಬರೆದಿದ್ದೇನೆ. ‘ಟ್ಯಾಂಕ್ ಖಾಲಿ ಮಾಡಿ ತೂಗು. ಹಿಂಭಾರ ಇದ್ದರೆ ಬ್ಯಾಟರಿ ಮುಂದಕ್ಕೆ ಸರಿಸು. ಎಂಜಿನ್ ದಂಡಕ್ಕೂ ಬಾಲಕ್ಕೂ ದಾರ ಕಟ್ಟಿ ಎತ್ತು, ಯಾವ ರೆಕ್ಕೆ ಮೇಲೇಳುತ್ತದೋ ಅದಕ್ಕೆ ಕನ್ನಿ ಕಟ್ಟು. ಆಮೇಲೆ ಹಾರಿಸಿ ಹದಕ್ಕೆ ತಾ.’ ಅಕ್ಕನ ಮಗ ಒಂದೂ ಪ್ರಶ್ನೆ ಕೇಳದೆ ಇಡೀ ಕೆಲಸ ಮಾಡಿದ. ಬಾಲ ಗಟ್ಟಿ ಮಾಡಲು 100 ಗ್ರಾಂ ಮರ ಸೇರಿಸಿದ್ದೆವು. ಬಾಲ ತೂಗುವ ಜಾಗದಿಂದ 120 ಸೆಂಟಿಮೀಟರ್ ದೂರ, ಮೂಗು ಬರೀ 40. ಮೂಗಿಗೆ 300 ಗ್ರಾಂ ಬೇಕು ಅಂತ ಅವನೇ ಲೆಕ್ಕ ಹಾಕಿದ.

ಒಂದು ಪದ ಮಾತ್ರ ಇನ್ನೂ ಸಿಕ್ಕಿಲ್ಲ. ಎರಡು ಅಂತಸ್ತಿನ ವಿಮಾನದಲ್ಲಿ ಪ್ರತಿ ರೆಕ್ಕೆಯೂ ಒಡಲಿಗೆ ಒಂದು ಕೋನದಲ್ಲಿ ಕೂತಿರುತ್ತದೆ. ಮುಂದಂಚು ಹಿಂದಂಚಿಗಿಂತ ಕೊಂಚ ಮೇಲೆ. ಮೇಲಿನ ರೆಕ್ಕೆ ಮುಂದಿದ್ದರೆ ಅದಕ್ಕೆ ಕೆಳಗಿನದಕ್ಕಿಂತ ಒಂಚೂರು ಜಾಸ್ತಿ ಕೋನ ಕೊಡುವುದುಂಟು. ವೇಗ ತೀರಾ ಇಳಿದಾಗ ಮುಂದಿನ ರೆಕ್ಕೆ ಮೊದಲು ಹಿಡಿತ ಬಿಡುತ್ತದೆ, ಮೂಗು ತಾನಾಗಿ ತಗ್ಗಿ ವಿಮಾನ ಮತ್ತೆ ವೇಗ ಪಡೆಯುತ್ತದೆ. ಈ ಕೋನಕ್ಕೆ ಸದ್ಯಕ್ಕೆ ‘ರೆಕ್ಕೆಯ ಏರು’ ಅಂತ ಬರೆದಿದ್ದೇನೆ, ಸಮಾಧಾನ ಇಲ್ಲ. ನೇಗಿಲು, ಕೂರಿಗೆ ಮಾಡುವ ಬಡಿಗರ ಬಾಯಲ್ಲಿ ಇದಕ್ಕೆ ಹೊಂದುವ ಮಾತು ಇರಬೇಕು. ಗುಳ ನೆಲಕ್ಕೆ ಎಷ್ಟು ಓರೆಯಾಗಿ ಇಳಿಯಬೇಕು ಅಂತ ಅವರು ಕೂರಿಸುತ್ತಾರಲ್ಲ, ಆ ಓರೆಗೆ ನಿಮ್ಮ ಕಡೆ ಏನನ್ನುತ್ತಾರೆ? ಹಾಗೆಯೇ ಕನ್ನಿ ಅನ್ನುವ ಮಾತು ಕಲಬುರಗಿ, ರಾಯಚೂರಿನ ಗಾಳಿಪಟದವರಲ್ಲೂ ಇದೆಯೇ? ನೀವು ಕೇಳಿದ್ದು ಯಾವ ಊರಲ್ಲಿ, ಯಾರ ಬಾಯಲ್ಲಿ ಅನ್ನುವುದನ್ನೂ ಸೇರಿಸಿ ಬರೆಯಿರಿ.