ಪದಚರ್ಚೆ: ‘ಜಲಾನಯನ’ ಎಂದರೆ ಗೆರೆಯೋ, ನೆಲವೋ?

ಬಲ್ಲವರಿಗೆ ನಮಸ್ಕಾರ.

ಪ್ರೌಢಶಾಲೆಯ ಮಕ್ಕಳಿಗಾಗಿ ನದಿಯ ಜೀವಪರಿಸರ ಕುರಿತು ಒಂದು ಕೈಪಿಡಿ ಬರೆಯುತ್ತಿದ್ದೇನೆ. ‘ವಾಟರ್‌ಶೆಡ್’ ಬಂದಲ್ಲೆಲ್ಲ ‘ಜಲಾನಯನ’ ಎಂದು ಹಾಕುತ್ತ ಹೋದರೆ ಅರ್ಥ ಕಲಸಿಹೋಗುತ್ತದೆ. ಇಂಗ್ಲಿಷಿನಲ್ಲೇ ಆ ಪದಕ್ಕೆ ಎರಡು ಅರ್ಥ. ಬ್ರಿಟಿಷರಿಗೆ ಅದು ನೀರನ್ನು ಎರಡು ಕಡೆಗೆ ಒಡೆಯುವ ಬೆಟ್ಟದ ನೆತ್ತಿ. ಅಮೆರಿಕದವರಿಗೆ ಆ ನೆತ್ತಿಗಳ ನಡುವೆ ಇಳಿಯುವ ನೆಲ. ಈ ತೊಡಕನ್ನು ನಾವು ಹೊತ್ತುಕೊಳ್ಳಬೇಕಿಲ್ಲ. ನೆತ್ತಿಗೆ ‘ಜಲವಿಭಾಜಕ’ ಇದೆ, ನೆಲಕ್ಕೆ ‘ಜಲಾನಯನ ಪ್ರದೇಶ’ ಇದೆ. ‘ಆನಯನ’ ಎಂದರೆ ತರುವುದು; ಅದು ಕೆಲಸದ ಹೆಸರು, ನೆಲದ ಹೆಸರಲ್ಲ. ಆದ್ದರಿಂದ ‘ಪ್ರದೇಶ’ ಬಿಟ್ಟು ಬರೆಯುವುದು ನನಗೆ ಒಪ್ಪಿಗೆಯಿಲ್ಲ.

ಕುದುರೆಮುಖದ ಸಾಲನ್ನೇ ನೋಡಿ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವುದು ಅಲ್ಲಿ. ನೆತ್ತಿಯ ಈಚೆ ಬಿದ್ದ ಮಳೆ ತುಂಗೆ-ಭದ್ರೆ ಒಂದಾಗುವ ಕೂಡಲಿ ದಾಟಿ, ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಆಚೆ ಬಿದ್ದದ್ದು ಮಂಗಳೂರಿನಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ಜಲವಿಭಾಜಕ ಇಲ್ಲಿ ಒಂದು ಗೆರೆ ಮಾತ್ರ. ಇನ್ನು ‘ಕೃಷ್ಣಾ ಕೊಳ್ಳ’, ‘ಕಾವೇರಿ ಕೊಳ್ಳ’ ಎನ್ನುವಾಗ ಉಪನದಿಗಳೆಲ್ಲ ಸೇರಿದ ಇಡೀ ವ್ಯಾಪ್ತಿ ಮನಸ್ಸಿಗೆ ಬರುತ್ತದೆ; ಆ ಬಳಕೆ ಹಾಗೆಯೇ ಉಳಿಯಲಿ. ಯಾವುದೋ ಒಂದು ಜಾಗವನ್ನು, ಅದು ಅಣೆಕಟ್ಟೆಯಿರಲಿ ಸಣ್ಣ ಹಳ್ಳದ ಬಾಯಿಯಿರಲಿ, ಗುರುತಿಸಿಕೊಂಡು ಅಲ್ಲಿಗೆ ನೀರು ತರುವ ನೆಲವನ್ನಷ್ಟೇ ಹೇಳುವಾಗ ‘ಜಲಾನಯನ ಪ್ರದೇಶ’ ಸರಿ. ಅಣೆಕಟ್ಟೆಯಿಂದ ನೀರುಣ್ಣುವ ಕೆಳಗಿನ ಭೂಮಿ ಅಚ್ಚುಕಟ್ಟು. ಅದನ್ನು ಇದರೊಂದಿಗೆ ಬೆರೆಸುವುದು ಶುದ್ಧ ತಪ್ಪು.

ಇಷ್ಟು ಹಟವೇಕೆಂದರೆ, ಪರಿಸರ ವಿಜ್ಞಾನಕ್ಕೆ ಈ ಎಲ್ಲೆಯೇ ಲೆಕ್ಕದ ಪುಸ್ತಕ. ಅಮೆರಿಕದ ನ್ಯೂ ಹ್ಯಾಂಪ್‌ಷೈರಿನ ಹಬರ್ಡ್ ಬ್ರೂಕ್ ಕಾಡಿನಲ್ಲಿ 1963ರಲ್ಲಿ ಆರಂಭವಾದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಅಲ್ಲಿನ ತಳಬಂಡೆಯಲ್ಲಿ ನೀರು ಹೆಚ್ಚು ಇಂಗಿಹೋಗುವುದಿಲ್ಲ. ಹಾಗಾಗಿ ಮಳೆಯೊಡನೆ ಬಂದ ಸಾರವೆಷ್ಟು, ತೊರೆಯೊಡನೆ ಹೋದದ್ದೆಷ್ಟು ಎಂದು ಅಳೆಯಬಹುದು. ಒಂದು ಸಣ್ಣ ಜಲಾನಯನ ಪ್ರದೇಶದ ಮರಗಳನ್ನೆಲ್ಲ ಕಡಿದು, ಮತ್ತೆ ಚಿಗುರದಂತೆ ಕಳೆನಾಶಕ ಸಿಂಪಡಿಸಿದಾಗ, ಪಕ್ಕದ ಕಾಡಿನ ತೊರೆಗಿಂತ ಈ ತೊರೆಯಲ್ಲಿ ನೈಟ್ರೇಟ್ ಎಂಬ ಸಸ್ಯಪೋಷಕ ಹತ್ತಾರು ಪಟ್ಟು ಏರಿತು. ಮಣ್ಣು ಹಿಡಿದಿಟ್ಟುಕೊಂಡಿದ್ದ ಸಾರ ನೀರಿನ ಪಾಲಾಯಿತು.

ನನ್ನ ನಿಜವಾದ ಪ್ರಶ್ನೆ ದಡದ್ದು. ತೊರೆಯ ತಲೆಯಲ್ಲಿ ನೆರಳು ದಟ್ಟ, ಪಾಚಿಗೆ ಬಿಸಿಲು ಸಾಲದು; ಉದುರಿದ ಎಲೆಯೇ ಅಲ್ಲಿನ ಆಹಾರ. ನೀರಿಗೆ ಬಿದ್ದ ಎಲೆಯ ಮೇಲೆ ಮೊದಲು ಶಿಲೀಂಧ್ರ ಹಬ್ಬುತ್ತದೆ. ಎಲೆ ಮೆತ್ತಗಾದ ಮೇಲೆ ಕ್ಯಾಡಿಸ್ ಕೀಟದ ಮರಿಹುಳುಗಳು ಬರುತ್ತವೆ. ಮರಳಿನ ಹರಳು, ಕಡ್ಡಿಚೂರುಗಳನ್ನು ತಮ್ಮದೇ ರೇಷ್ಮೆಯಿಂದ ಅಂಟಿಸಿ ಕಟ್ಟಿದ ಗೂಡನ್ನು ಹೊತ್ತುಕೊಂಡೇ ತಿರುಗುವ ಹುಳುಗಳಿವು. ನರಗಳನ್ನಷ್ಟು ಬಿಟ್ಟು ಎಲೆಯನ್ನು ಮೇಯುತ್ತವೆ. ಅವು ಬಿಟ್ಟ ಚೂರುಪಾರು ಕೆಳಹರಿವಿನ ಜೀವಿಗಳಿಗೆ ಊಟವಾಗುತ್ತದೆ. ದಡದ ಮರ ಕಡಿದರೆ ನದಿಯ ಅಡುಗೆಮನೆಯೇ ಹೋದಂತೆ.

ಈ ಅಂಚಿನ ನೆಲಕ್ಕೆ, ಅಂದರೆ ‘ರೈಪೇರಿಯನ್’ ಎಂಬುದಕ್ಕೆ, ಯಾವ ಪದ ಬಳಸಲಿ? ಪತ್ರಿಕೆಗಳಲ್ಲಿ ‘ನದಿ ಪಾತ್ರದ ಗ್ರಾಮಗಳು’ ಎಂದು ಬರುತ್ತದೆ. ಪಾತ್ರವೆಂದರೆ ನೀರು ಹರಿಯುವ ತಗ್ಗು, ಅಲ್ಲಿ ಗ್ರಾಮ ಇರುವುದಾದರೂ ಹೇಗೆ? ‘ತೀರ’ ಎಂದರೆ ಕಡಲೂ ನೆನಪಾಗುತ್ತದೆ. ನನ್ನ ಒಲವು ‘ಹೊಳೆಯಂಚು’ ಪದದ ಕಡೆಗೆ. ಹೊಳೆಮತ್ತಿ, ಹೊಳೆದಾಸವಾಳ ಎಂದು ಹೆಸರಿಟ್ಟವರು ಮರ ಎಲ್ಲಿ ಬೆಳೆಯುತ್ತದೆ ಎಂಬುದನ್ನು ಹೆಸರಿನಲ್ಲೇ ಹೇಳಿಬಿಟ್ಟಿದ್ದಾರೆ. ‘ಹೊಳೆಯಂಚಿನ ಕಾಡು’ ಎಂದರೆ ಮಕ್ಕಳಿಗೂ ತಿಳಿಯುತ್ತದೆ.

ಇದಕ್ಕಿಂತ ಒಳ್ಳೆಯ ಪದ ನಿಮ್ಮ ಕಡೆಯ ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ. ಜಲವಿಭಾಜಕಕ್ಕೂ ರೈತರ, ದನಗಾಹಿಗಳ ಬಾಯಲ್ಲಿ ಬೇರೆ ಹೆಸರಿದ್ದರೆ ಅದನ್ನು ಯಾವ ಸೀಮೆಯದೆಂದು ಸೇರಿಸಿ ಬರೆಯಿರಿ.