ಧಾನ್ಯದ ಎಥನಾಲ್: ಹಾಕುವ ಶಕ್ತಿ ಜಾಸ್ತಿಯಾ, ಸಿಗುವುದು ಜಾಸ್ತಿಯಾ?

ಪ್ರಶ್ನೆ: ಮೆಕ್ಕೆಜೋಳದಿಂದ ಇಂಧನ ಎಥನಾಲ್ ತಯಾರಿಸಲು ಹಾಕುವ ಶಕ್ತಿಯೇ ಅದರಿಂದ ಸಿಗುವುದಕ್ಕಿಂತ ಜಾಸ್ತಿ ಅಂತ ಒಂದು ಕಡೆ ಓದಿದೆ. ಇನ್ನೊಂದು ಕಡೆ ಲಾಭ ಅಂತಿದೆ. ಡಿಸ್ಟಿಲರಿಯಲ್ಲಿ ಕೆಲಸ ಮಾಡುವವರು ಯಾರಾದರೂ ಬಿಡಿಸಿ ಹೇಳ್ತೀರಾ?

ಉತ್ತರ: ನಾನು ಡಿಸ್ಟಿಲೇಷನ್ ವಿಭಾಗದಲ್ಲಿ ಇಂಜಿನಿಯರ್. ಮೊದಲು ಕಾರ್ಖಾನೆಯ ಒಳಗಿನ ಲೆಕ್ಕ ನೋಡೋಣ. ಒಂದು ಲೀಟರ್ ಎಥನಾಲ್ ಉರಿದರೆ ಸುಮಾರು 21 ಮೆಗಾಜೂಲ್ ಶಾಖ ಬರುತ್ತದೆ. ಪೆಟ್ರೋಲ್ ಆದರೆ ಸುಮಾರು 32. ಈಗಿನ ಒಳ್ಳೆಯ ಘಟಕವೊಂದು ಲೀಟರಿಗೆ 7ರಿಂದ 8 ಮೆಗಾಜೂಲ್ ಇಂಧನ ಸುಡುತ್ತದೆ. ಕರೆಂಟ್ ಬೇರೆ, ಅದು ಸುಮಾರು 0.2 ಯೂನಿಟ್.

ಇದರಲ್ಲಿ ಕಾಳಿನ ಸಕ್ಕರೆಯನ್ನು (ಗ್ಲೂಕೋಸ್) ಹುದುಗಿಸಿ ಎಥನಾಲ್ ಮಾಡುವ ಯೀಸ್ಟಿನ ತಪ್ಪೇನೂ ಇಲ್ಲ. ಗ್ಲೂಕೋಸಿನ ಶಕ್ತಿಯಲ್ಲಿ ಶೇ. 90ಕ್ಕೂ ಜಾಸ್ತಿ ಎಥನಾಲಿನಲ್ಲೇ ಉಳಿಯುತ್ತದೆ. ಎಂಥ ಕೆಲಸಗಾರ ನೋಡಿ! ನಮ್ಮನ್ನು ಸುಸ್ತು ಮಾಡುವುದು ನೀರು. ಹುದುಗಿದ ದ್ರವದಲ್ಲಿ (ವಾಶ್) ಎಥನಾಲ್ ಶೇ. 12ರ ಆಸುಪಾಸು ಇರುತ್ತದೆ, ಅಂದರೆ ಒಂದು ಲೀಟರಿಗೆ 7 ಲೀಟರ್ ನೀರು. ಅಷ್ಟನ್ನೂ ಸುಮ್ನೆ ಕುದಿಸಿ ಆವಿ ಮಾಡಿದರೆ 16 ಮೆಗಾಜೂಲ್ ಹೋಗುತ್ತದೆ, 21ರಲ್ಲಿ ಉಳಿಯುವುದು ಬರೀ 5 ಅಲ್ವಾ? ಹಾಗಾಗಿ ಒಂದು ಕಡೆಯ ಆವಿಯಿಂದಲೇ ಮುಂದಿನ ಕಡೆ ಬಿಸಿ ಮಾಡುತ್ತೇವೆ. ಅದೇ ಸ್ಟೀಮನ್ನು ಎಷ್ಟು ಸಲ ದುಡಿಸುತ್ತೀರಿ ಅನ್ನುವುದರ ಮೇಲೆ ಘಟಕದ ಲೆಕ್ಕ ನಿಂತಿದೆ.

ಶೇ. 95ರ ಮೇಲೆ ಬರೀ ಕುದಿಸಿ ನೀರು ಬೇರ್ಪಡಿಸಲು ಆಗುವುದಿಲ್ಲ. ಆ ಕೊನೆಯ ನೀರನ್ನು ಮಾಲಿಕ್ಯುಲರ್ ಸೀವ್, ಅಂದರೆ ತೀರಾ ಸಣ್ಣ ರಂಧ್ರಗಳಿರುವ ವಸ್ತು, ಹೀರಿಕೊಳ್ಳುತ್ತದೆ.

ಪ್ರಶ್ನೆ: 21ರಲ್ಲಿ 8 ಕಳೆದರೂ 13 ಉಳಿಯಿತಲ್ಲ. ಮತ್ತೆ ನಷ್ಟ ಅಂದವರು ಯಾಕೆ ಹಾಗಂದರು?

ಉತ್ತರ: ಹೊಲದ ಖರ್ಚನ್ನು ನಾವಿನ್ನೂ ಸೇರಿಸಿಲ್ಲ. ಡೀಸೆಲ್ ಇದೆ, ಕಾಳು ಒಣಗಿಸುವುದಿದೆ, ಎಲ್ಲಕ್ಕಿಂತ ದೊಡ್ಡದು ಸಾರಜನಕ ಗೊಬ್ಬರ. ಆ ಗೊಬ್ಬರಕ್ಕೆ ಮೂಲವಾದ ಅಮೋನಿಯಾ ಒಂದು ಟನ್ ತಯಾರಿಸಲು ಸುಮಾರು 30 ಗಿಗಾಜೂಲ್ ಬೇಕು, ಹೆಚ್ಚಾಗಿ ನೈಸರ್ಗಿಕ ಅನಿಲದಿಂದ.

ಆಮೇಲೆ ಯಾವ ಖರ್ಚು ಸೇರಿಸಬೇಕು, ಯಾವುದು ಬೇಡ, ಗೆರೆ ಎಲ್ಲಿ ಎಳೆಯುತ್ತೀರಿ ಅನ್ನುವ ಜಗಳ. 2005ರಲ್ಲಿ ಪಿಮೆಂಟೆಲ್ ಮತ್ತು ಪಾಟ್ಜೆಕ್ ಎಂಬ ಸಂಶೋಧಕರು ಅಮೆರಿಕದ ಮೆಕ್ಕೆಜೋಳಕ್ಕೆ ಲೆಕ್ಕ ಹಾಕಿ, ಸಿಗುವುದಕ್ಕಿಂತ ಶೇ. 29ರಷ್ಟು ಜಾಸ್ತಿ ಪಳೆಯುಳಿಕೆ ಶಕ್ತಿ ಹಾಕಬೇಕು ಅಂದರು. ಯಂತ್ರ ತಯಾರಿಸುವ ಶಕ್ತಿಯನ್ನೂ ಅವರು ಸೇರಿಸಿದ್ದರು. ಅಲ್ಲಿನ ಕೃಷಿ ಇಲಾಖೆಯ 2002ರ ಲೆಕ್ಕದಲ್ಲಿ 1 ಹಾಕಿದರೆ 1.34 ಸಿಗುತ್ತದೆ. ಉಳಿಯುವ ಹಿಂಡಿಗೂ ಖರ್ಚಿನಲ್ಲಿ ಪಾಲು ಹಂಚಿದ್ದು ಇಲ್ಲಿ ಮುಖ್ಯ. ನನ್ನ ಮಟ್ಟಿಗೆ ಪಾಲು ಹಂಚುವುದೇ ಸರಿ. ಕಾಳಿನ ತೂಕದಲ್ಲಿ ಸುಮಾರು ಮೂರನೇ ಒಂದು ಭಾಗ ಹಿಂಡಿಯಾಗಿ ಹೊರಬರುತ್ತದೆ, ಪ್ರೋಟೀನ್ ಎಲ್ಲ ಅದರಲ್ಲೇ ಇರುತ್ತದೆ. ದನ ತಿನ್ನುವ ಮೇವನ್ನು ಕಸ ಅನ್ನಲು ಹೇಗಾಗುತ್ತದೆ? ಆದರೂ ಲಾಭ ತೆಳುವಾದದ್ದು, ಅದನ್ನು ಮುಚ್ಚಿಡಬಾರದು. ಕಬ್ಬಿನಲ್ಲಿ ಸಿಪ್ಪೆಯನ್ನೇ ಬಾಯ್ಲರಿಗೆ ಹಾಕಬಹುದು, ಹೊರಗಿನ ಇಂಧನ ತುಂಬಾ ಕಡಿಮೆ ಸಾಕು. ಧಾನ್ಯಕ್ಕೆ ಆ ಅನುಕೂಲ ಇಲ್ಲ.

ಪ್ರಶ್ನೆ: ಘಟಕದಲ್ಲಿ ಇನ್ನೂ ಉಳಿಸಲು ದಾರಿ ಇದೆಯಾ?

ಉತ್ತರ: ಇದೆ, ಹಿಂಡಿ ಒಣಗಿಸುವುದನ್ನು ಬಿಡುವುದು. ಘಟಕದ ಶಾಖದಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಡ್ರೈಯರಿಗೇ ಹೋಗುತ್ತದೆ. ಹಸಿಯಾಗಿಯೇ ಮಾರಿದರೆ ಅಷ್ಟೂ ಉಳಿತಾಯ. ಆದರೆ ಹಸಿ ಹಿಂಡಿ ಕೆಲವೇ ದಿನಗಳಲ್ಲಿ ಕೆಡುತ್ತದೆ, ಭಾರವೂ ಜಾಸ್ತಿ, ದೂರ ಸಾಗಿಸಲು ಆಗದು. ಹಾಗಾಗಿ ಹೊಸ ಘಟಕಕ್ಕೆ ಜಾಗ ನೋಡುವವರು ಕೇಳಿದರೆ, ಹತ್ತಿರದಲ್ಲಿ ದನಗಳು ಎಷ್ಟಿವೆ ಅಂತ ಮೊದಲು ಎಣಿಸಿ ಅನ್ನುತ್ತೇನೆ.