ಅಪ್‌ಡೇಟ್: ಕೊನೆಗೂ ಚಿಕ್ಕ ಕೋರ್ಸೇ ಗೆದ್ದಿತು

ಕಾರಲ್ಲಿ ದೂರ ಹೊರಟಿದ್ದೇವೆ, ದಾರಿಯಲ್ಲಿ ಗಾಲ್ಫ್‌ಗೆ ಒಂದೇ ದಿನ ಸಿಗುತ್ತದೆ, ಹೆಸರುವಾಸಿ ಕೋರ್ಸ್‌ಗೆ ಹೋಗಲೋ ಹೆದ್ದಾರಿ ಪಕ್ಕದ ಚಿಕ್ಕದಕ್ಕೋ ಎಂದು ಹಿಂದೆ ನಿಮ್ಮನ್ನೆಲ್ಲ ಇಲ್ಲಿ ಕೇಳಿದ್ದೆ. ನನ್ನ ಹ್ಯಾಂಡಿಕ್ಯಾಪ್ (ಆಟದ ಮಟ್ಟ ಹೇಳುವ ಅಂಕಿ, ಕಡಿಮೆ ಇದ್ದಷ್ಟೂ ಒಳ್ಳೆಯ ಆಟ) 22. ಮೊದಲು ಸ್ಲೋಪ್ ರೇಟಿಂಗ್, ಅಂದರೆ ನನ್ನಂಥ ಸಾಧಾರಣ ಆಟಗಾರನಿಗೆ ಕೋರ್ಸ್ ಎಷ್ಟು ಕಷ್ಟ ಅನ್ನೋ ಅಂಕಿ, ನೋಡಿ ಅಂದಿದ್ದಿರಿ. ನೋಡಿದೆ. ಈ ಅಂಕಿ 55ರಿಂದ 155ರವರೆಗೆ ಇರುತ್ತದೆ, 113 ಅಂದರೆ ಸಾಧಾರಣ ಕಷ್ಟ. ದೊಡ್ಡದರದ್ದು 141, ಚಿಕ್ಕದರದ್ದು 119. ಆದರೂ ಮನಸ್ಸು ದೊಡ್ಡದರ ಕಡೆಗೇ ಎಳೆಯುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ತೀರ್ಮಾನ ಆಗಿದ್ದು ಒಂದು ಫೋನ್ ಕರೆಯಲ್ಲಿ. ಗ್ರೀನ್‌ಗಳಿಗೆ (ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲು) ಏರೇಶನ್, ಅಂದರೆ ಮಣ್ಣಿಗೆ ಗಾಳಿಯಾಡಲು ತೂತು ಕೊರೆಯುವುದು, ಯಾವಾಗ ಮಾಡಿದಿರಿ ಎಂದು ಕೇಳಿದೆ. ದೊಡ್ಡ ಕೋರ್ಸ್‌ನವರು "ಮೂರು ದಿನ ಆಯ್ತು" ಅಂದರು. ಅಂದರೆ ಹುಲ್ಲಿನ ತುಂಬ ತೂತು, ಮೇಲೆ ಮರಳು. ಪಟ್ ಮಾಡಿದ, ಅಂದರೆ ಕುಳಿಯ ಕಡೆ ಮೆಲ್ಲಗೆ ಉರುಳಿಸಿದ ಚೆಂಡು ಕುಣಿಯುತ್ತಾ ಹೋಗುತ್ತದೆ. ಪೂರ್ತಿ ದುಡ್ಡು ಕೊಟ್ಟು ಅದನ್ನು ಆಡಬೇಕಾ?

ಚಿಕ್ಕದರಲ್ಲಿ ಮಧ್ಯಾಹ್ನದ ಮೇಲೆ ರಿಯಾಯಿತಿ ಇತ್ತು, ಹಾಗಾಗಿ ತಡವಾಗಿ ಶುರು ಮಾಡಿದೆ. ಆದರೆ ಕತ್ತಲಾಗಿ 15ನೇ ಹೋಲ್‌ಗೇ ನಿಲ್ಲಿಸಬೇಕಾಯಿತು. ನನ್ನದೇ ತಪ್ಪು, 18 ಹೋಲ್‌ಗೆ ನಾಲ್ಕು ಗಂಟೆಗೂ ಜಾಸ್ತಿ ಬೇಕು ಅಂತ ನೀವು ಹೇಳಿಯೇ ಇದ್ದಿರಿ. ಹಿಂದಿನ ದಿನವೆಲ್ಲ ಸ್ಟೀರಿಂಗ್ ಮುಂದೆ ಕೂತ ಸೊಂಟ ಮೊದಲ ಮೂರು ಹೋಲ್ ತಿರುಗಲೇ ಇಲ್ಲ. ಗ್ರೀನ್‌ಗೆ ಹತ್ತಿರ ಇರುವ ಟೀಯಿಂದ (ಮೊದಲ ಹೊಡೆತದ ಜಾಗ) ಆಡಿದ್ದು ಒಳ್ಳೆಯದಾಯಿತು.

11ನೇ ಹೋಲ್, ಪಾರ್ 3 (ಮೂರು ಹೊಡೆತದಲ್ಲಿ ಮುಗಿಸಬೇಕಾದದ್ದು), ಎದುರಿಗೆ ಕೊಳ. ಏಳನೇ ನಂಬರ್ ಐರನ್ ಕೋಲಿನಲ್ಲಿ ಹೊಡೆದ ಚೆಂಡು ದಡದ ಕಲ್ಲಿಗೆ ಟಕ್ ಅಂತ ಬಡಿದು ಗ್ರೀನ್ ಮೇಲೆ ಬಿತ್ತು. ಒಂದೇ ಪಟ್‌ನಲ್ಲಿ ಕುಳಿಗೆ. ಬರ್ಡಿ, ಅಂದರೆ ಪಾರ್‌ಗಿಂತ ಒಂದು ಹೊಡೆತ ಕಡಿಮೆ! ಸುಮ್ನೆ ಅದೃಷ್ಟ ಅಲ್ವಾ. ಆ ಸ್ಕೋರ್‌ಕಾರ್ಡ್ ಇನ್ನೂ ಡ್ಯಾಶ್‌ಬೋರ್ಡ್ ಮೇಲೇ ಇದೆ.